ಊಟದ ಗಂಟೆ ಎನಿಸಿಕೊಂಡ ವಾಗ್ಮಿ

ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಾರದಿದ್ದರೆ ನಿಮ್ಮಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡು ಹಿಂದಿನ ಬೆಂಚು ಸೇರುವುದನ್ನು ನಾನು ಕಂಡಿದ್ದೇನೆ. ಅಂಥವರಿಗೆ ಎಡ್ಮಂಡ್ ಬರ್ಕ್ ಅವರ ವಿಷಯ ಹೇಳಬೇಕೆನಿಸುತ್ತದೆ. ಬ್ರಿಟನ್ನಿನ ಮಹಾನ್ ವಾಗ್ಮಿಗಳ ಸಾಲಿನಲ್ಲಿ ನಿಲ್ಲುವ ಇವರು ಮಾತಿಗೆ ಎದ್ದರೆ, ಸಂಸತ್ ಸದಸ್ಯರು ಒಬ್ಬೊಬ್ಬರಾಗಿ ಊಟಕ್ಕೆ ಹೊರಡುತ್ತಿದ್ದರು. ಅದಕ್ಕಾಗಿಯೇ ಅವರಿಗೆ ಊಟದ ಗಂಟೆ ಎಂಬ ಅಡ್ಡಹೆಸರು ಬಿದ್ದಿತ್ತು!

ಬರ್ಕ್ 1729ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ವಕೀಲರು. ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿದ್ದಾಗ, 1747ರಲ್ಲಿ, ಗೆಳೆಯರೊಂದಿಗೆ ಚರ್ಚಾಕೂಟವೊಂದನ್ನು ಕಟ್ಟಿದರು. 1765ರ ಕೊನೆಯಲ್ಲಿ ಕಾಮನ್ಸ್ ಸಭೆಗೆ ಆಯ್ಕೆಯಾದರು. ಮೊದಮೊದಲು ಸಭೆ ಅವರ ಮಾತಿಗೆ ಬೆರಗಾಯಿತು. ಬರಬರುತ್ತಾ ಬೇಸರವೂ ಬಂತು. ಒಮ್ಮೆ ಆರಂಭಿಸಿದರೆ ಗಂಟೆಗಟ್ಟಲೆ ಮಾತು, ಒರಟು ಧ್ವನಿ, ಕೊನೆಯವರೆಗೂ ಬಿಡದ ಐರಿಶ್ ಉಚ್ಚಾರಣೆ, ಸಾಲದ್ದಕ್ಕೆ ಸಿಟ್ಟು ಬೇರೆ. ಗೆಳೆಯರಾದ ಕವಿ ಗೋಲ್ಡ್‌ಸ್ಮಿತ್ ಕೂಡ ಪದ್ಯವೊಂದರಲ್ಲಿ ಇದನ್ನು ಹಾಸ್ಯ ಮಾಡಿದ್ದಾರೆ. 1775ರಲ್ಲಿ ಅಮೆರಿಕದ ವಸಾಹತುಗಳೊಂದಿಗೆ ರಾಜಿಯಾಗಬೇಕೆಂದು ಬರ್ಕ್ ವಾದಿಸಿದಾಗ ಪರವಾಗಿ ಬಿದ್ದ ಮತಗಳು 78, ವಿರುದ್ಧ 270.

ಇನ್ನು ನಮ್ಮ ನಾಡಿಗೆ ಸಂಬಂಧಿಸಿದ ಭಾಷಣ. ಆರ್ಕಾಟಿನ ನವಾಬರಿಗೆ ಕಂಪನಿಯ ನೌಕರರೇ ಖಾಸಗಿಯಾಗಿ ವಿಪರೀತ ಬಡ್ಡಿಗೆ ಸಾಲ ಕೊಟ್ಟಿದ್ದರು. ಆ ಸಾಲಗಳನ್ನು ಸರಿಯಾದ ವಿಚಾರಣೆಯಿಲ್ಲದೆ ತೀರಿಸಲು ಸರ್ಕಾರ ಹೊರಟಾಗ, 1785ರ ಫೆಬ್ರವರಿ 28ರಂದು ಬರ್ಕ್ ಎದ್ದು ನಿಂತರು. ಕೊಟ್ಟ ಮಾತನ್ನು ಮುರಿದವರ ಮೇಲೆ 1780ರಲ್ಲಿ ಹೈದರ್ ಅಲಿಯ ಸೇನೆ ಮೈಸೂರಿನಿಂದ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಉರಿದ ಹಳ್ಳಿಗಳನ್ನೂ ಹಸಿವಿನಿಂದ ಸತ್ತ ಜನರನ್ನೂ ಮರೆಮಾಚಲಿಲ್ಲ. ಆದರೆ ಆ ಅನಾಹುತಕ್ಕೆ ದಾರಿ ಮಾಡಿಕೊಟ್ಟವರು ಯಾರೆಂದು ಲಂಡನ್ನಿನಲ್ಲೇ ನಿಂತು ಹೇಳಿದರು. ಪ್ರಧಾನಿ ಪಿಟ್ ಮತ್ತು ಅವರ ಪಕ್ಕದಲ್ಲಿದ್ದ ಗ್ರೆನ್ವಿಲ್, ಈ ಭಾಷಣ ಯಾರಿಗೂ ತಟ್ಟಿಲ್ಲ, ಉತ್ತರ ಕೊಡುವ ಅಗತ್ಯವೇ ಇಲ್ಲ ಎಂದು ತಮ್ಮೊಳಗೆ ಮಾತಾಡಿಕೊಂಡರಂತೆ. ನಿರ್ಣಯಕ್ಕೆ ಪರವಾಗಿ 69 ಮತ, ವಿರುದ್ಧ 164. ಅದೇ ಭಾಷಣ ಅಚ್ಚಾಗಿ ಕೈಗೆ ಬಂದಾಗ ಗ್ರೆನ್ವಿಲ್ ಅವರಿಗೇ ಆಶ್ಚರ್ಯವಾಯಿತೆಂದು ಹೇಳುತ್ತಾರೆ. ಹೈದರ್ ಅಲಿಯ ಆ ಭಾಗವಂತೂ ವಾಕ್ಚಾತುರ್ಯದ ಮಾದರಿಯೆಂದೇ ಹೆಸರಾಯಿತು.

ಮೂರು ವರ್ಷದ ಬಳಿಕ ದೃಶ್ಯವೇ ಬದಲು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಅವರ ವಿಚಾರಣೆ 1788ರ ಫೆಬ್ರವರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಆರಂಭವಾಯಿತು. ಪ್ರವೇಶದ ಟಿಕೆಟ್‌ಗಾಗಿ ಗಣ್ಯರೇ ಪರದಾಡಿದರು. ಬರ್ಕ್ ನಾಲ್ಕು ದಿನ ಮಾತಾಡಿದರು. ಬಂಗಾಳದ ರೈತರು ಅನುಭವಿಸಿದ ಹಿಂಸೆಯನ್ನು ವಿವರಿಸುವಾಗ ಮಹಿಳೆಯರು ಬಿಕ್ಕಿ ಅತ್ತರು, ಕೆಲವರು ಮೂರ್ಛೆ ಹೋದರು. ಹೇಸ್ಟಿಂಗ್ಸ್ ಪರ ಇದ್ದ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯವರೂ ಆ ಮಾತಿನ ಸೆಳೆತಕ್ಕೆ ಸಿಕ್ಕಿದ್ದನ್ನು ದಿನಚರಿಯಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟೇಕೆ, ಅರ್ಧ ಗಂಟೆಯ ಕಾಲ ಲೋಕದಲ್ಲಿ ತನಗಿಂತ ದೊಡ್ಡ ಅಪರಾಧಿಯಿಲ್ಲ ಎಂದು ಸ್ವತಃ ಹೇಸ್ಟಿಂಗ್ಸ್ ಅವರಿಗೇ ಅನಿಸಿತಂತೆ.

ಆದರೆ ವಿಚಾರಣೆ ಏಳು ವರ್ಷ ಎಳೆಯಿತು. ಜನರ ಕುತೂಹಲ ತಣ್ಣಗಾಯಿತು. 1792ರಲ್ಲಿ ಫ್ರಾನ್ಸಿನ ಕ್ರಾಂತಿಯ ಅಪಾಯ ತೋರಿಸಲು ಬರ್ಕ್ ಸಭೆಯಲ್ಲಿ ಚೂರಿಯೊಂದನ್ನು ನೆಲಕ್ಕೆಸೆದಾಗ ಸದಸ್ಯರು ನಕ್ಕುಬಿಟ್ಟರು. 1794ರಲ್ಲಿ ಅವರು ಸಂಸತ್ತಿನಿಂದ ನಿವೃತ್ತರಾದರು. ಅದೇ ವರ್ಷ ಮಗ ರಿಚರ್ಡ್ ತೀರಿಕೊಂಡರು. 1795ರ ಏಪ್ರಿಲ್ 23ರಂದು ಹೇಸ್ಟಿಂಗ್ಸ್ ನಿರ್ದೋಷಿಯೆಂದು ತೀರ್ಪಾಯಿತು. ಎರಡು ವರ್ಷದ ನಂತರ, 1797ರ ಜುಲೈ 9ರಂದು, ಬರ್ಕ್ ಬೀಕನ್ಸ್‌ಫೀಲ್ಡ್‌ನ ತಮ್ಮ ಮನೆಯಲ್ಲಿ ಕಣ್ಣು ಮುಚ್ಚಿದರು.