ಡಾ. ಗ್ರೇಸ್ ಹಾಪರ್ – ಜೀವನ ಪರಿಚಯ

ಗಣಕಯಂತ್ರಕ್ಕೆ ಸಾಮಾನ್ಯ ಪದಗಳಲ್ಲಿಯೇ ಆದೇಶ ನೀಡುವ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ಡಾ. ಗ್ರೇಸ್ ಮರ್ರೆ ಹಾಪರ್‌ರವರು ಪ್ರಮುಖರು. ಮೂಲತಃ ಶಿಕ್ಷಕಿಯಾಗಿದ್ದ ಇವರ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು ದಿನಾಂಕ 09-12-1906ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 1928ರಲ್ಲಿ ವಾಸರ್ ಕಾಲೇಜಿನಿಂದ ಪದವಿಯನ್ನೂ, ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ, 1934ರಲ್ಲಿ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು.

ಬೋಧನೆ

1931ರಿಂದ ವಾಸರ್ ಕಾಲೇಜಿನಲ್ಲಿ ಗಣಿತ ಬೋಧಿಸಿದರು. ಸೂತ್ರವೊಂದನ್ನು ಕಲಿಸಿದ ನಂತರ ಅದರ ಬಗ್ಗೆ ಪ್ರಬಂಧ ಬರೆಯಿಸಿ, ಬರವಣಿಗೆಯ ಸ್ಪಷ್ಟತೆಗೂ ಅಂಕ ನೀಡುತ್ತಿದ್ದರು. ತಾವು ಬಂದಿರುವುದು ಗಣಿತ ಕಲಿಯಲು ಎಂದು ವಿದ್ಯಾರ್ಥಿನಿಯರು ಆಕ್ಷೇಪಿಸಿದರೂ, ಇತರರಿಗೆ ತಿಳಿಯುವಂತೆ ಹೇಳಲಾಗದ ಗಣಿತದಿಂದ ಪ್ರಯೋಜನವಿಲ್ಲವೆಂಬ ನಿಲುವನ್ನು ಅವರು ಸಡಿಲಿಸಲಿಲ್ಲ.

ಗಣಕ ಕ್ಷೇತ್ರದಲ್ಲಿ ಸೇವೆ

ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮೀಸಲು ದಳವನ್ನು ಸೇರಲು ಬಯಸಿದಾಗ, ನಿಗದಿತ ತೂಕಕ್ಕಿಂತ ಕಡಿಮೆ ಇದ್ದುದರಿಂದ ವಿಶೇಷ ವಿನಾಯಿತಿ ಪಡೆಯಬೇಕಾಯಿತು. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-1 ಗಣಕಯಂತ್ರದ ಕಾರ್ಯಕ್ಕೆ ನಿಯೋಜಿತರಾಗಿ, ಅದರ ಬೃಹತ್ ಕೈಪಿಡಿಯ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದರು. ಕೈಪಿಡಿಯು 1946ರಲ್ಲಿ ಪ್ರಕಟವಾಯಿತು.

ಆ ಕಾಲದಲ್ಲಿ ಹಿಂದೆ ಬರೆದಿಟ್ಟ ಆದೇಶಗಳನ್ನು ಕೈಯಿಂದಲೇ ನಕಲು ಮಾಡಬೇಕಾಗಿದ್ದು, ತಪ್ಪುಗಳು ನುಸುಳುತ್ತಿದ್ದವು. ಈ ಕೆಲಸವನ್ನು ಯಂತ್ರಕ್ಕೇ ವಹಿಸುವ ಎ-0 ಎಂಬ ಕ್ರಮವಿಧಿಯನ್ನು 1952ರಲ್ಲಿ ಸಿದ್ಧಪಡಿಸಿದರು. ಇಂಗ್ಲಿಷ್ ಪದಗಳಲ್ಲಿಯೇ ಆದೇಶ ನೀಡಬಹುದೆಂಬ ಅವರ ಸಲಹೆಯನ್ನು, ಯಂತ್ರಕ್ಕೆ ಭಾಷೆ ತಿಳಿಯದೆಂಬ ಕಾರಣದಿಂದ ಮೊದಲು ಒಪ್ಪಲಿಲ್ಲ. ಪ್ರಯತ್ನ ಬಿಡದೆ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿ ಅದನ್ನು ಸಾಧಿಸಿ ತೋರಿಸಿದರು. 1959ರಲ್ಲಿ ಆರಂಭವಾದ ಕೊಬಾಲ್ ಭಾಷೆಯ ರಚನೆಗೆ ಇದು ಮುಖ್ಯ ಆಧಾರವಾಯಿತು. ವೇತನ, ಪಿಂಚಣಿ ಮತ್ತು ಬ್ಯಾಂಕ್ ಲೆಕ್ಕಪತ್ರಗಳ ನಿರ್ವಹಣೆಯಲ್ಲಿ ಕೊಬಾಲ್ ವ್ಯಾಪಕವಾಗಿ ಬಳಕೆಗೆ ಬಂದಿತು.

ನಿವೃತ್ತಿ ಮತ್ತು ಗೌರವ

1966ರಲ್ಲಿ ನಿವೃತ್ತರಾದ ಇವರನ್ನು ನೌಕಾಪಡೆಯು ಮರುವರ್ಷವೇ ಸೇವೆಗೆ ಕರೆಯಿತು. ಉಪನ್ಯಾಸಗಳಲ್ಲಿ ಸುಮಾರು 30 ಸೆಂ.ಮೀ. ಉದ್ದದ ತಂತಿಯ ತುಂಡುಗಳನ್ನು ಹಂಚಿ, ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ವಿದ್ಯುತ್ ಸಂಕೇತವು ಗರಿಷ್ಠ ಅಷ್ಟು ದೂರ ಮಾತ್ರ ಸಾಗಬಲ್ಲದೆಂದು ವಿವರಿಸುತ್ತಿದ್ದರು. 1986ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದರು.

ದಿನಾಂಕ 01-01-1992ರಂದು ನಿಧನರಾದ ಇವರಿಗೆ 2016ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ನೀಡಲಾಯಿತು. ತಿಳಿದವರ ಭಾಷೆಯು ತಿಳಿಯದವರಿಗೂ ಅರ್ಥವಾಗಬೇಕೆಂಬ ತರಗತಿಯ ನಿಯಮವನ್ನು ಯಂತ್ರಗಳಿಗೂ ಅನ್ವಯಿಸಿದ್ದು ಇವರ ಹಿರಿಮೆಯಾಗಿದೆ.