ದೊಡ್ಡ ಸ್ವಾಮಿಯವರು ಲೆಕ್ಕಕ್ಕೆ ಹಿಡಿಯದ ಜನ

ನಂಜನಗೂಡಿನ ದೇವಸ್ಥಾನಕ್ಕೆ ಹರಕೆ ಹೊತ್ತು ಬರುವ ಮಕ್ಕಳಿಲ್ಲದ ಹೆಂಗಸರು, ತಿ. ನರಸೀಪುರ ತಾಲ್ಲೂಕಿನ ಮೂಗೂರಿನ ತಿಬ್ಬಾದೇವಿ ಜಾತ್ರೆ. ಎರಡನ್ನೂ ಮೂಗು ಮುರಿಯುತ್ತಲೇ ತನ್ನ ಪುಸ್ತಕದಲ್ಲಿ ದಾಖಲಿಸಿದವನು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್.

1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟವನು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದ. ಇಲ್ಲಿಯವರ ಉಡುಪು ತೊಟ್ಟ, ಇಲ್ಲಿಯವರಂತೆ ಉಂಡ. ಜನ ದೊಡ್ಡ ಸ್ವಾಮಿಯವರು ಅಂತ ಕರೆದರು. 1803-04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದ. ಅವನ ಪುಸ್ತಕದ ಹಸ್ತಪ್ರತಿಯನ್ನು ಕಂಪನಿ 2,000 ಸ್ಟಾರ್ ಪಗೋಡಕ್ಕೆ ಕೊಂಡಿತು. (ಅದರಲ್ಲಿ ಸಾಕಷ್ಟು ಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೋರ್ಡುವಿನದ್ದು ಅಂತ 1987ರಲ್ಲಿ ಸಿಲ್ವಿಯಾ ಮ್ಯುರ್ ತೋರಿಸಿದರು. ಇರಲಿ.)

ನನ್ನನ್ನು ಕಾಡೋದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪತ್ರಗಳು. ಆಗಿನ ಪ್ರಾಟೆಸ್ಟಂಟ್ ಮಿಷನರಿಗಳ ಉತ್ಸಾಹಕ್ಕೆ ಪ್ರವಾದನೆಯ ಬಲವಿತ್ತು. ಅಬ್ರಹಾಮನ ಜೊತೆ ದೇವರು ಮಾಡಿಕೊಂಡ ಒಡಂಬಡಿಕೆಯಲ್ಲಿ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದವಿದೆ. ಸುವಾರ್ತೆಯನ್ನು ಎಲ್ಲ ಜನಾಂಗಗಳಿಗೂ ಸಾರಿದ ಮೇಲೆ ಲೋಕದ ಅಂತ್ಯ ಅಂತ ಮತ್ತಾಯನ 24ನೇ ಅಧ್ಯಾಯದಲ್ಲಿದೆ. ಅಂದಮೇಲೆ ಭಾರತವೂ ಕ್ರೈಸ್ತವಾಗಲೇಬೇಕಲ್ಲ? ದುಬಾಯ್ ತಕರಾರು ತೆಗೆದ. ಸಾರಲಾಗುತ್ತೆ ಅಂತಷ್ಟೇ ಕ್ರಿಸ್ತ ಹೇಳಿದ್ದು, ಎಲ್ಲರೂ ಒಪ್ಪಿಕೊಳ್ಳುತ್ತಾರೆ ಅಂತ ಎಲ್ಲೂ ಹೇಳಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಈ ತರ್ಕ ಹಿಡಿಸುತ್ತೆ: ಸಿಗ್ನಲ್ ಕಳಿಸೋದು ಬೇರೆ, ಅದು ತಲುಪೋದು ಬೇರೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಿಂದೂಗಳು ಸುವಾರ್ತೆ ಕೇಳಿಯೂ ತಳ್ಳಿದವರು, ಹಾಗಾಗಿ ದೇವರೇ ಕೈಬಿಟ್ಟವರು, ಮತಾಂತರದ ಕಾಲ ಮುಗಿಯಿತು ಎಂದು ತೀರ್ಪನ್ನೂ ಕೊಟ್ಟುಬಿಟ್ಟ. ತನ್ನ ಸೋಲಿಗೆ ದೇವರ ರುಜು ಹಾಕಿಸಿಕೊಂಡ ಹಾಗೆ! ಮೂವತ್ತು ವರ್ಷದ ದುಡಿಮೆಗೆ ಸಿಕ್ಕವರು ಇನ್ನೂರು-ಮುನ್ನೂರು ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು, ಭಿಕ್ಷುಕರು ಅಂತ ನಾಚಿಕೊಂಡೇ ಬರೆದ. ಬ್ರಾಹ್ಮಣ ಒಪ್ಪದಿದ್ದರೆ ದೇಶವೇ ಒಪ್ಪಲಿಲ್ಲ ಅನ್ನೋ ಲೆಕ್ಕ ಇದು. ಬಂದವರ ನಂಬಿಕೆಯನ್ನು ಸ್ವಾರ್ಥ ಅಂದ. ನಮ್ಮ 2022ರ ಮತಾಂತರ ಕಾಯ್ದೆಯಲ್ಲಿ ಆಮಿಷ ಅನ್ನೋ ಪದ ಓದುವಾಗೆಲ್ಲ ನನಗೆ ಈ ಪಾದ್ರಿ ನೆನಪಾಗ್ತಾನೆ. ಕಾಯ್ದೆ ಬೇಕು ಅನ್ನುವವರೂ ಈ ಮಿಷನರಿಯೂ ಬಡವನ ವಿಷಯದಲ್ಲಿ ಒಂದೇ ಕಡೆ ನಿಂತಿದ್ದಾರೆ.

ಜೇಮ್ಸ್ ಹಫ್, ಹೆನ್ರಿ ಟೌನ್ಲಿ 1824ರಲ್ಲಿ ಉತ್ತರ ಬರೆದು ಜಗಳಕ್ಕೆ ನಿಂತರು. ದುಬಾಯ್ ಅಷ್ಟರಲ್ಲಿ ಕಂಪನಿಯ ಪಿಂಚಣಿ ಪಡೆದು ಪ್ಯಾರಿಸ್ ಸೇರಿದ್ದ. ಪಂಚತಂತ್ರವನ್ನು ಫ್ರೆಂಚಿಗೆ ತಂದ, ತನ್ನ ಮಿಷನ್ ಸಂಸ್ಥೆಯ ಮುಖ್ಯಸ್ಥನೂ ಆದ, 1848ರಲ್ಲಿ ತೀರಿಕೊಂಡ. ಈ ಕಡೆಗೆ ಮತ್ತೆ ಬರಲಿಲ್ಲ.