ಗಣಿತಲೋಕದ ಮರೆಯದ ದೀಪ: ಮಹಾವೀರಾಚಾರ್ಯರು

ಪಿಯುಸಿಯಲ್ಲಿ ದ್ವಿಪದ ಪ್ರಮೇಯ ಕಲಿಯುವ ನಮ್ಮ ಮಕ್ಕಳಿಗೆ ಫ್ರಾನ್ಸಿನ ಪಾಸ್ಕಲ್ ಹೆಸರು ಗೊತ್ತು. ಆದರೆ ಅವರಿಗಿಂತ ಸುಮಾರು 800 ವರ್ಷ ಮೊದಲೇ ಆ ಪ್ರಮೇಯಕ್ಕೆ ಬೇಕಾದ ಲೆಕ್ಕವನ್ನು ಕನ್ನಡ ನಾಡಿನ ಒಬ್ಬರು ಬರೆದಿಟ್ಟಿದ್ದರು. ಅವರೇ ಮಹಾವೀರಾಚಾರ್ಯರು.

ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ವಿದ್ವಾಂಸರು ಇವರು. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಸುಮಾರು 850ರಲ್ಲಿ ಅವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಗಣಿತವು ಬಹುಮಟ್ಟಿಗೆ ಖಗೋಳ ಗ್ರಂಥಗಳ ಒಂದು ಭಾಗವಾಗಿದ್ದ ದಿನಗಳಲ್ಲಿ ಇದು ಗಣಿತಕ್ಕೇ ಮೀಸಲಾದ ಗ್ರಂಥ.

ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂಬ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಇದು ಅವರು ಒಡ್ಡಿದ ಪ್ರಶ್ನೆ. ಮೂರು ರುಚಿಗಳ ಬೆರಕೆ ಬೇಕಾದರೆ 6, 5, 4ರ ಗುಣಲಬ್ಧವನ್ನು 1, 2, 3ರ ಗುಣಲಬ್ಧದಿಂದ ಭಾಗಿಸಬೇಕು, ಉತ್ತರ 20. ಹೀಗೆ ಒಂದರಿಂದ ಆರು ರುಚಿಗಳವರೆಗೆ ಕ್ರಮವಾಗಿ 6, 15, 20, 15, 6, 1 ಬಗೆಗಳು. ಇವುಗಳ ಮುಂದೆ ಒಂದು 1 ಸೇರಿಸಿದರೆ, 'ಅ + ಬ' ಎಂಬ ದ್ವಿಪದದ ಆರನೇ ಘಾತವನ್ನು ವಿಸ್ತರಿಸುವಾಗ ಬರುವ ಗುಣಾಂಕಗಳೇ ಸಿಗುತ್ತವೆ! ಎಷ್ಟೇ ವಸ್ತುಗಳಿದ್ದರೂ ಅನ್ವಯಿಸುವ ಸಾಮಾನ್ಯ ನಿಯಮವನ್ನೇ ಅವರು ಕೊಟ್ಟರು.

ಸಮೀಕರಣಗಳ ಮೂಲಗಳನ್ನು ಅವರು ನವಿಲುಗಳ ಮೂಲಕ ಕಲಿಸಿದರು. ಹಿಂಡಿನ ಹದಿನಾರನೇ ಒಂದು ಭಾಗದ ವರ್ಗದಷ್ಟು ನವಿಲುಗಳು ಮಾವಿನ ಮರದಲ್ಲಿವೆ. ಉಳಿದ ಭಾಗದ ಒಂಬತ್ತನೇ ಒಂದರ ವರ್ಗದಷ್ಟು, ಜೊತೆಗೆ ಇನ್ನೂ 14, ತಮಾಲ ವನದಲ್ಲಿವೆ. ಒಟ್ಟು ಎಷ್ಟು? ಈ ವರ್ಗ ಸಮೀಕರಣಕ್ಕೆ ಎರಡು ಮೂಲಗಳಿವೆ. ಒಂದು ಭಿನ್ನರಾಶಿ, ಇನ್ನೊಂದು 48. ನವಿಲನ್ನು ತುಂಡು ಮಾಡಲಾಗದು. ಆದ್ದರಿಂದ 48 ಸರಿ.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅಂಥ ಮೂಲಗಳನ್ನು ಲೆಕ್ಕದಲ್ಲಿ ಬಳಸುವ ಯತ್ನ ಯುರೋಪಿನಲ್ಲಿ ಕಾಣಿಸಿದ್ದು 1545ರಲ್ಲಿ, ಇಟಲಿಯ ಕಾರ್ಡಾನೊ ಕೃತಿಯಲ್ಲಿ. ಆಚಾರ್ಯರು ಎಡವಿದ್ದೂ ಉಂಟು: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದದ್ದು ತಪ್ಪು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮುದ್ರಿಸಿದಾಗ ನೆರವಾದ ಹಸ್ತಪ್ರತಿಗಳಲ್ಲಿ ಒಂದು ನಮ್ಮ ಮೂಡುಬಿದಿರೆಯ ಜೈನ ಮಠದ್ದು. ಓಲೆಗರಿಗಳನ್ನು ತಲೆಮಾರುಗಳ ಕಾಲ ನಕಲು ಮಾಡಿ ಕಾಯ್ದ ಹೆಸರಿಲ್ಲದ ಕೈಗಳಿಂದಲೇ ಈ ಜ್ಞಾನ ನಮಗೆ ದಕ್ಕಿತು. ದ್ವಿಪದ ಪ್ರಮೇಯದ ಪಾಠ ಬಂದಾಗ ಪಾಸ್ಕಲರ ಜೊತೆ ಇವರ ಹೆಸರನ್ನೂ ಮಕ್ಕಳಿಗೆ ಹೇಳೋಣ.